ಇಂಡೋನೇಷ್ಯಾದ ಕಂಬ ಯಾಕೆ ಗಿಡ್ಡ?

ಬಾಸ್ ಚಾರ್ಟ್ ಕೇಳಿದರೆ, ಅದು ಕೊನೆಗೆ ಯಾರ ಮೊಬೈಲಿಗೆ ಹೋಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ.

ಮಂಗಳೂರಲ್ಲಿ ಮರ ಆಮದು ಮಾಡುವ ಆಫೀಸು ನಮ್ಮದು. ಬಿಲ್ ಆಫ್ ಎಂಟ್ರಿ, ಫೈಟೋ (ಮರಕ್ಕೆ ರೋಗ-ಕೀಟ ಇಲ್ಲ ಅನ್ನುವ ಸರ್ಟಿಫಿಕೇಟು), ಪ್ಯಾಕಿಂಗ್ ಲಿಸ್ಟ್, ಈ ಕಾಗದಗಳೆಲ್ಲ ನನ್ನ ಪಾಲಿಗೆ. ಮಲೇಷ್ಯಾ, ಇಂಡೋನೇಷ್ಯಾ ಎರಡರಲ್ಲಿ ಯಾರು ಜಾಸ್ತಿ ಗಟ್ಟಿಮರ ಕೊಯ್ದು ಹೊರಗೆ ಕಳಿಸುತ್ತಾರೆ ಅಂತ ಬಾಸ್‌ಗೆ ಬೇಕಿತ್ತು. ಕಾಮ್‌ಟ್ರೇಡ್ (ವಿಶ್ವಸಂಸ್ಥೆಯ ವ್ಯಾಪಾರ ಲೆಕ್ಕದ ಜಾಲತಾಣ) ತೆರೆದೆ, ಕೊಯ್ದ ಮರದ ಕಸ್ಟಮ್ಸ್ ಕೋಡ್ 4407 ಹಾಕಿದೆ, ಪೈನ್ ಜಾತಿಯದ್ದನ್ನು ಬಿಟ್ಟೆ. ಮಲೇಷ್ಯಾದ ಕಂಬ ಎತ್ತರಕ್ಕೆ ಹೋಯಿತು, ಇಂಡೋನೇಷ್ಯಾದ್ದು ಗಿಡ್ಡ. ಕೆಳಗೆ ಸಣ್ಣಕ್ಷರದಲ್ಲಿ '4409 ಸೇರಿಲ್ಲ' ಅಂತ ಬರೆದೆ. ಅದು ಇನ್ನಷ್ಟು ಕೆಲಸ ಮಾಡಿದ ಮರದ ಕೋಡ್. ಅಷ್ಟು ಸಾಕು ಅಂದುಕೊಂಡೆ.

ಬಾಸ್ ಕಂಬಗಳನ್ನಷ್ಟೇ ಕ್ರಾಪ್ ಮಾಡಿ, ದಾರಂದ ಮಾಡುವ ಪಾರ್ಟಿಗೆ ವಾಟ್ಸಾಪಲ್ಲಿ ಕಳಿಸಿದರು. 'ಇಂಡೋನೇಷ್ಯಾದಲ್ಲಿ ಮಾಲೇ ಇಲ್ಲ, ಮಲೇಷ್ಯಾದ್ದೇ ತಗೊಳ್ಳಿ' ಅಂತ ಒಂದು ಸಾಲು ಬೇರೆ.

ಮೀಟಿಂಗಿಗೆ ಬಂದವರು ಚೀಲದಿಂದ ಒಂದಡಿ ತುಂಡು ತೆಗೆದು ಮೇಜಿನ ಮೇಲಿಟ್ಟರು. ಮೆರ್ಬಾವು ಅನ್ನುವ ಗಟ್ಟಿಮರ. ಇಂಡೋನೇಷ್ಯಾದ ಸುರಬಾಯಾ ಬಂದರಿನಿಂದ ಬಂದದ್ದು.

"ಇದು ನಿಮ್ಮ ಚಾರ್ಟಲ್ಲಿ ಎಲ್ಲುಂಟು ಮಾರಾಯ್ರೆ?"

ಬಾಸ್ ನನ್ನ ಮುಖ ನೋಡಿದರು. ಲ್ಯಾಪ್‌ಟಾಪ್ ತೆರೆದರೆ ಅದು ಅಪ್‌ಡೇಟ್ ಅಂತ ಸುತ್ತತೊಡಗಿತು. ಸುಮ್ನೆ ಕೂರಲಾಗದೆ ತುಂಡು ಕೈಗೆತ್ತಿಕೊಂಡೆ. ನಾಲ್ಕೂ ಮೈ ಪ್ಲೇನ್ ಆಗಿತ್ತು. ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದೆ, ಎಲ್ಲೂ ಚುಚ್ಚಲಿಲ್ಲ. ಅಂಚುಗಳನ್ನು ಉದ್ದಕ್ಕೂ ಉರುಟು ಮಾಡಿದ್ದರು. ನಾಲ್ಕು ಮೈ ಪ್ಲೇನ್, ನಾಲ್ಕು ಅಂಚು ಉರುಟು ಅನ್ನುವುದಕ್ಕೆ ನಮ್ಮಲ್ಲಿ ಹೇಳುವುದು ಎಸ್‌ಫೋರ್‌ಎಸ್, ಈಫೋರ್‌ಈ.

ಉತ್ತರ ಆ ಅಂಚಿನಲ್ಲೇ ಇತ್ತು. ಇಂಡೋನೇಷ್ಯಾ 1985ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ನಡುವೆ ಸಡಿಲ ಬಿಟ್ಟು 2001ರಲ್ಲಿ ಮತ್ತೆ ಬಿಗಿ ಮಾಡಿತು. 2004ರಲ್ಲಿ ಒರಟಾಗಿ ಕೊಯ್ದ ಮರಕ್ಕೂ ತಡೆ ಹಾಕಿತು. ಹಾಗಾಗಿ ಅಲ್ಲಿನ ಮಿಲ್ಲಿನವರು ಮರವನ್ನು ಇಷ್ಟು ಕೆಲಸ ಮಾಡಿಯೇ ಹಡಗು ಹತ್ತಿಸುತ್ತಾರೆ. ಬರೀ ಪ್ಲೇನ್ ಆದರೆ 4407ರಲ್ಲೇ ಉಳಿಯುತ್ತದೆ. ಉದ್ದಕ್ಕೂ ಅಂಚು ಉರುಟಾಯಿತೋ, 4409. ಮಲೇಷ್ಯಾದಿಂದ ಹೆಚ್ಚಾಗಿ ಒರಟಾಗಿ ಕೊಯ್ದ ಮೆರಾಂಟಿ ಮರ ಬರುವುದರಿಂದ ಅವರ ಲೆಕ್ಕ 4407ರಲ್ಲಿ ಎದ್ದು ಕಾಣುತ್ತದೆ.

ಇಷ್ಟು ಹೇಳಿದ್ದಕ್ಕೆ ಬಾಸ್, "ಹಾಗಾದ್ರೆ ಎರಡನ್ನೂ ಕೂಡಿಸು, ಐದು ನಿಮಿಷದ ಕೆಲಸ ಅಲ್ವಾ?" ಅಂದರು.

ಅಲ್ಲ. 4409ರಲ್ಲಿ ಡೆಕ್ಕಿಂಗ್, ಫ್ಲೋರಿಂಗ್, ಮೋಲ್ಡಿಂಗ್ ಎಲ್ಲವೂ ಒಟ್ಟಿಗೆ ಬಿದ್ದಿರುತ್ತವೆ. ಸಾಲದ್ದಕ್ಕೆ 4407ರ ಲೆಕ್ಕ ಘನಮೀಟರಲ್ಲಿ, 4409ರದ್ದು ಕಿಲೋದಲ್ಲಿ. ಕಿಲೋವನ್ನು ಘನಮೀಟರ್ ಮಾಡಬೇಕಾದರೆ ಯಾವ ಮರ ಅಂತ ಗೊತ್ತಿರಬೇಕು. ಮೆರ್ಬಾವು ಘನಮೀಟರಿಗೆ ಸುಮಾರು 800 ಕಿಲೋ ತೂಗಿದರೆ ಸೆಂಗಾನ್ ಅನ್ನುವ ಹಗುರ ಮರ 300ರ ಆಸುಪಾಸು. ಉಗುರಲ್ಲಿ ಒತ್ತಿದರೆ ಗುರುತು ಬೀಳುವ ಆ ಸೆಂಗಾನ್ ಕೂಡ, ಪೈನ್ ಜಾತಿಯದ್ದಲ್ಲವಾದ್ದರಿಂದ, ಪುಸ್ತಕದ ಪ್ರಕಾರ ಗಟ್ಟಿಮರವೇ! ಯಾವ ಮರ ಅಂತ ತಿಳಿಯದೆ ಒಂದೇ ತೂಕ ಹಿಡಿದು ಭಾಗಿಸಿದರೆ ಇಂಡೋನೇಷ್ಯಾದ ಕಂಬವನ್ನು ನಮಗೆ ಬೇಕಾದಷ್ಟು ಎತ್ತರ ಮಾಡಬಹುದು. ನಾನು ಒಪ್ಪಲಿಲ್ಲ. ಎರಡು ಚಾರ್ಟ್ ಬೇರೆಬೇರೆ ಮಾಡಿಕೊಟ್ಟೆ.

"ಯಾರು ಫಸ್ಟ್ ಅಂತ ಒಂದೇ ಸಾಲಲ್ಲಿ ಹೇಳೋಕಾಗಲ್ವಾ?" ಅಂತ ಬಾಸ್ ಈಗಲೂ ಕೇಳುತ್ತಾರೆ.

ಅಡಿಟಿಪ್ಪಣಿ ಬರೆಯುವುದನ್ನು ಮಾತ್ರ ಬಿಟ್ಟಿದ್ದೇನೆ. '4407 ಮಾತ್ರ' ಅಂತ ಕಂಬದ ಮೈಮೇಲೇ ದಪ್ಪಕ್ಷರದಲ್ಲಿ ಹಾಕುತ್ತೇನೆ, ಹೇಗೆ ಕ್ರಾಪ್ ಮಾಡಿದರೂ ಹೋಗುವುದಿಲ್ಲ. ನೋಡೋಕೆ ಚಂದ ಇಲ್ಲವಂತೆ.