ಬಿಲ್ ಇದೆ, ಐಟಂ ಇಲ್ಲ

ಶುಕ್ರವಾರ ಸಂಜೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಆಡಿಟ್ ಟ್ರಿಗರ್ (ಪ್ರತಿ ಹೊಸ ಬಿಲ್ಲಿಗೂ ತಾನಾಗೇ ಒಂದು ದಾಖಲೆ ಬರೆಯುವ ಡೇಟಾಬೇಸ್ ಕೋಡ್) ನೇರವಾಗಿ ಪ್ರೊಡಕ್ಷನ್‌ಗೆ, ಅಂದರೆ ಅಂಗಡಿ ನಿಜವಾಗಿ ಬಳಸುವ ಡೇಟಾಬೇಸಿಗೆ ಹೋಯಿತು. ಶನಿವಾರ ಬೆಳಗ್ಗೆ ಔಷಧಿ ಹೋಲ್‌ಸೇಲ್ ಅಂಗಡಿಯಿಂದ ಫೋನ್ ಬಂತು: "ಸರ್, ಬಿಲ್ ಸೇವ್ ಆಗ್ತಿದೆ, ಒಳಗೆ ಒಂದೂ ಐಟಂ ಇಲ್ಲ."

ಪ್ರಿಂಟ್ ಟೆಂಪ್ಲೇಟ್ ಕೆಟ್ಟಿರಬೇಕು ಅಂದುಕೊಂಡೆ. ಆಪ್ ಪೂಲ್ (ಸರ್ವರಿನಲ್ಲಿ ಆಪ್ ಓಡಿಸುವ ಭಾಗ) ರೀಸ್ಟಾರ್ಟ್ ಮಾಡಿಸಿ, "ನೀವು ಬಿಲ್ಲಿಂಗ್ ಮುಂದುವರಿಸಿ" ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ. ನನ್ನನ್ನು ನಂಬಿ ಅವರು ಇನ್ನೂ 40 ನಿಮಿಷ ಬಿಲ್ ಹಾಕಿದರು.

ಲಾಗ್‌ನಲ್ಲಿ ಒಂದೂ ಎರರ್ ಇರಲಿಲ್ಲ. ಕೊನೆಗೆ ಐಟಂ ಟೇಬಲ್ಲನ್ನೇ ತೆರೆದೆ. ಆಗಷ್ಟೇ ಸೇರಿದ ಸಾಲುಗಳಲ್ಲಿ ಬಿಲ್ ಐಡಿ 61, 62, 63. ಅಂದಿನ ಬಿಲ್ ಐಡಿಗಳು 48,000 ದಾಟಿದ್ದವು! 61 ಅಂದರೆ ಅಂಗಡಿಯ ಮೊದಲ ವರ್ಷದ ಬಿಲ್. ಕೈಕಾಲು ತಣ್ಣಗಾದವು.

ಬಿಲ್ ಸೇವ್ ಮಾಡುವ ನಮ್ಮ ಪ್ರೊಸೀಜರ್ ಮೊದಲು ಹೆಡರ್ (ಬಿಲ್ಲಿನ ಮುಖ್ಯ ಸಾಲು) ಇನ್ಸರ್ಟ್ ಮಾಡಿ, @@ಐಡೆಂಟಿಟಿ ಓದಿ, ಅದನ್ನೇ ಐಟಂಗಳಿಗೆ ಬಿಲ್ ಐಡಿಯಾಗಿ ಹಾಕುತ್ತಿತ್ತು. ಅದು ಕೊಡುವುದು ಆ ಕನೆಕ್ಷನ್‌ನಲ್ಲಿ ಕೊನೆಗೆ ಹುಟ್ಟಿದ ನಂಬರ್, ಯಾವ ಟೇಬಲ್ಲಿನದ್ದಾದರೂ ಸರಿ. ಟ್ರಿಗರ್ ಆಡಿಟ್ ಟೇಬಲ್ಲಿಗೆ ಸಾಲು ಸೇರಿಸಿದ ಮೇಲೆ, ಕೊನೆಯ ನಂಬರ್ ಆಡಿಟ್‌ದೇ ಅಲ್ವಾ? ಹೊಸ ಟೇಬಲ್, 1ರಿಂದ ಶುರು. ಅದೇ ನಂಬರಿನ ಹಳೇ ಬಿಲ್ ಇದ್ದದ್ದರಿಂದ ಫಾರಿನ್ ಕೀ (ಇಲ್ಲದ ಬಿಲ್ಲಿಗೆ ಐಟಂ ಸೇರದಂತೆ ನೋಡುವ ನಿಯಮ) ಕೂಡ ತಡೆಯಲಿಲ್ಲ.

ಸರಿಪಡಿಸಿದ್ದು ಒಂದೇ ಸಾಲು: @@ಐಡೆಂಟಿಟಿ ಬದಲು ಸ್ಕೋಪ್_ಐಡೆಂಟಿಟಿ(). ನಾವು ಬಳಸುವ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರಿನಲ್ಲಿ ಅದು 2000 ಆವೃತ್ತಿಯಿಂದಲೂ ಇದೆ. ಟ್ರಿಗರ್ ಒಳಗೆ ಹುಟ್ಟಿದ ನಂಬರನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಐಡೆಂಟ್_ಕರೆಂಟ್ ಹಾಕೋಣ ಅಂತ ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಅದು ಆ ಟೇಬಲ್ಲಿನ ಕೊನೆಯ ನಂಬರ್ ಕೊಡುತ್ತದೆ, ಯಾರ ಸೆಷನ್ (ಕನೆಕ್ಷನ್) ಅಂತ ನೋಡುವುದಿಲ್ಲ. ಎರಡು ಕೌಂಟರ್ ಒಟ್ಟಿಗೆ ಬಿಲ್ ಹಾಕಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಹೋಗಬಹುದು. ಒಂದೇ ಇನ್ಸರ್ಟ್‌ನಲ್ಲಿ ಹಲವು ಸಾಲು ಹೋಗುವ ಕಡೆ ಸೇರಿದ ಸಾಲುಗಳನ್ನು ವಾಪಸ್ ಕೊಡುವ ಔಟ್‌ಪುಟ್ ಇನ್ಸರ್ಟೆಡ್ ಬಳಸಿ ಎಲ್ಲ ಐಡಿಗಳನ್ನೂ ತೆಗೆದುಕೊಂಡೆ.

ಡೇಟಾ ಸರಿ ಮಾಡಲು ರಾತ್ರಿಯಾಯಿತು. ಆಡಿಟ್ ಸಾಲಿನಲ್ಲೇ ನಿಜವಾದ ಬಿಲ್ ಐಡಿ ಇತ್ತು, ಅದರಿಂದ ಬಚಾವಾದೆವು. ಆದರೆ 61ನೇ ಬಿಲ್ಲಿನ ಹಳೇ ಐಟಂಗಳನ್ನು ಮುಟ್ಟಬಾರದು. ಟ್ರಿಗರ್ ಬಂದ ನಂತರ ಹುಟ್ಟಿದ ಐಟಂ ಐಡಿಗಳನ್ನಷ್ಟೇ ಆರಿಸಿ, ಮೊದಲು ಬ್ಯಾಕಪ್ ಕಾಪಿಯಲ್ಲಿ ಅಪ್‌ಡೇಟ್ ಓಡಿಸಿ ನೋಡಿದೆ.

ಟ್ರಿಗರ್ ತೆಗೆದುಹಾಕಿ ಅಂತ ಮ್ಯಾನೇಜರ್ ಹೇಳಿದರು. ಟ್ರಿಗರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಅದನ್ನು ಮೊದಲು ಟೆಸ್ಟ್ ಡೇಟಾಬೇಸ್‌ಗೆ ಹಾಕಿದ್ದರೆ ಪ್ರೊಸೀಜರಿನ ತಪ್ಪು ಮೊದಲ ಬಿಲ್ಲಿಗೇ ಸಿಕ್ಕಿಬೀಳುತ್ತಿತ್ತು. ಪ್ರೊಡಕ್ಷನ್‌ನಂಥದ್ದೇ ಒಂದು ಕೊಡಿ ಅಂತ ಎಷ್ಟು ಸಲ ಕೇಳಿದ್ದೆವು! "ಸುಮ್ನೆ ಖರ್ಚು" ಅಂದಿದ್ದರು. ಸೋಮವಾರ ಮತ್ತೆ ಕೇಳಿದೆ. ಈ ಸಲ 61ನೇ ಬಿಲ್ಲಿನ ಪ್ರಿಂಟ್ ಜೊತೆಗೆ.