ಎಲೆಕೋಸಿನ ರೋಗಾಣು ಕೊಟ್ಟ ಬಿಳಿ ಪುಡಿ

ಕೋಲಾರದ ಹತ್ತಿರ ಅಪ್ಪ ಎಲೆಕೋಸು ಬೆಳೆಯುತ್ತಾರೆ. ಎಲೆಯ ಅಂಚಿನಿಂದ ಒಳಕ್ಕೆ ವಿ ಆಕಾರದಲ್ಲಿ ಹಳದಿ ಹರಡಿ, ನರ ಕಪ್ಪಾದರೆ ಆ ಗಿಡ ಕಿತ್ತು ದೂರ ಎಸೆಯುತ್ತಾರೆ. ಆ ಕಪ್ಪು ಕೊಳೆ ರೋಗ ತರುವ ಬ್ಯಾಕ್ಟೀರಿಯಾವನ್ನೇ ನಾನು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಲ್ಯಾಬಿನಲ್ಲಿ ಜೋಪಾನವಾಗಿ ಸಾಕುತ್ತಿದ್ದೇನೆ. ಹೆಸರು ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್. ಸಕ್ಕರೆ ತಿಂದು ಅದು ಹೊರಬಿಡುವ ಲೋಳೆಯೇ ಆಹಾರವನ್ನು ಮಂದವಾಗಿಸಲು ಬಳಸುವ ಕ್ಸಾಂಥನ್ ಗಮ್. ಸಾಸ್, ಐಸ್‌ಕ್ರೀಂ ಪ್ಯಾಕೆಟ್ ತಿರುಗಿಸಿ ನೋಡಿ, ಎಷ್ಟೋ ಸಲ 415 ಅನ್ನುವ ಸಂಖ್ಯೆ ಕಾಣುತ್ತದೆ. ಅದು ಇದೇ. ಅಮೆರಿಕದ ಪಿಯೋರಿಯಾದ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಕಂಡುಕೊಂಡಿದ್ದು. 1969ರಲ್ಲಿ ಅಲ್ಲಿ ಆಹಾರದಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು.

ಬೆಳೆಸೋದು ಕಷ್ಟವಲ್ಲ. 28 ಡಿಗ್ರಿ, ಚೆನ್ನಾಗಿ ಗಾಳಿ, ಮೂರು ದಿನ. ಕೆಲಸ ಇರುವುದು ಆಮೇಲೆ.

ಮೂರನೇ ದಿನ ಫ್ಲಾಸ್ಕ್ ಓರೆ ಮಾಡಿದರೆ ಒಳಗಿನದು ಹರಿಯುವುದಿಲ್ಲ, ಬೆಂಡೆಕಾಯಿ ಲೋಳೆ ಥರ ಮೆಲ್ಲಗೆ ಜಾರುತ್ತದೆ. ಗಮ್ ಜೊತೆಗೆ ಬ್ಯಾಕ್ಟೀರಿಯಾ, ಉಳಿದ ಸಕ್ಕರೆ, ಉಪ್ಪು, ಹಳದಿ ಬಣ್ಣ ಎಲ್ಲಾ ಅದರಲ್ಲೇ. ಬ್ಯಾಕ್ಟೀರಿಯಾ ಬೇರ್ಪಡಿಸಲು ಮೊದಲ ಸಲ ಹಾಗೇ ಸೆಂಟ್ರಿಫ್ಯೂಜಿಗೆ, ಅಂದರೆ ಜೋರಾಗಿ ತಿರುಗಿಸಿ ಗಸಿಯನ್ನು ತಳಕ್ಕೆ ಇಳಿಸುವ ಯಂತ್ರಕ್ಕೆ, ಹಾಕಿದೆ. ಅರ್ಧ ಗಂಟೆ ತಿರುಗಿದರೂ ಏನೂ ತಳ ಸೇರಲಿಲ್ಲ. ಅಷ್ಟು ಗಟ್ಟಿ ಲೋಳೆಯಲ್ಲಿ ಅಷ್ಟು ಸಣ್ಣ ಕೋಶ ಹೇಗೆ ಇಳಿದೀತು, ಅಲ್ವಾ? ಮುಂದಿನ ಸಲ 200 ಮಿಲಿಗೆ ನೀರು ಬೆರೆಸಿ 800 ಮಾಡಿದೆ. ಬಿಸಿ ಮಾಡಿದೆ. ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಲೋಳೆಯೂ ಸಡಿಲವಾಗುತ್ತದೆ. ಆಗ ಟ್ಯೂಬಿನ ತಳದಲ್ಲಿ ಕೆನೆ ಬಣ್ಣದ ಗಸಿ ಕೂತಿತು.

ಮೇಲೆ ಉಳಿದ ನೀರಿನಿಂದ ಗಮ್ ಬೇರೆಯಾಗಲು ಆಲ್ಕೋಹಾಲ್ ಸುರಿಯಬೇಕು. ಆದರೆ ಬೆರೆಸಿದ ನೀರಿಗೆಲ್ಲ ಆಲ್ಕೋಹಾಲ್ ತೆರಬೇಕು. ಎರಡು ಲೀಟರ್ ಐಸೊಪ್ರೊಪನಾಲ್ ಎಂಬ ಆಲ್ಕೋಹಾಲ್ ಸುರಿದು ಕೊನೆಗೆ ಸಿಕ್ಕಿದ್ದು 2.4 ಗ್ರಾಂ ಗಮ್. ಆ ಸಂಜೆ ನನಗೆ ತುಂಬಾ ಬೇಜಾರಾಯಿತು. ಕಾರ್ಖಾನೆಗಳಲ್ಲಿ ಬಟ್ಟಿ ಇಳಿಸಿ ಮತ್ತೆ ಬಳಸುತ್ತಾರೆ, ನಮ್ಮಲ್ಲಿ ಅದಿಲ್ಲ. ಸೀನಿಯರ್ ಒಬ್ಬರು ಮೊದಲು ಪೊಟ್ಯಾಶಿಯಂ ಕ್ಲೋರೈಡ್ ಹಾಕು ಅಂದರು. ಗಮ್ಮಿನ ಅಣು ಸರಪಳಿಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಹಾಗಾಗಿ ಒಂದನ್ನೊಂದು ದೂಡುತ್ತವೆ. ಈ ಉಪ್ಪು ಆ ದೂಡುವಿಕೆಯನ್ನು ತಗ್ಗಿಸುತ್ತದೆ, ಕಡಿಮೆ ಆಲ್ಕೋಹಾಲಿಗೇ ಅವು ಒಟ್ಟುಗೂಡುತ್ತವೆ. ಮುಂದಿನ ಬ್ಯಾಚ್ ಒಂದೂವರೆ ಲೀಟರಿಗೇ ಮುಗಿಯಿತು.

ಆಲ್ಕೋಹಾಲ್ ಬಿದ್ದ ಕಡೆ ಮೊದಲು ಮಂಜಿನಂತೆ ಕಟ್ಟುತ್ತದೆ. ಗಾಜಿನ ಕಡ್ಡಿ ಆಡಿಸುತ್ತಾ ಇದ್ದರೆ ಎಳೆ ಎಳೆಯಾಗಿ ಎದ್ದು, ಒದ್ದೆ ಹತ್ತಿಯ ಹಾಗೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಅದನ್ನು ಹಿಂಡಿ, ನೀರಲ್ಲಿ ಮತ್ತೆ ಕರಗಿಸಿ, ಆಲ್ಕೋಹಾಲ್ ಸುರಿದು ಮತ್ತೆ ಬೇರ್ಪಡಿಸಬೇಕು. ಈ ಎರಡನೇ ಸುತ್ತು ಬಿಡಬೇಡಿ. ಒಂದೇ ಸುತ್ತಿನ ಪುಡಿ ಮಾಸಲು, ಎರಡನೆಯದು ಬಿಳಿ.

ಹಬ್ಬಕ್ಕೆ ಹೋದಾಗ ಅಪ್ಪನ ಅಂಗೈಗೆ ಚಿಟಿಕೆ ಪುಡಿ, ಎರಡು ಹನಿ ನೀರು ಹಾಕಿದೆ. ಬೆರಳು ಉಜ್ಜಿ ನೋಡಿ, "ಇದಾ ನನ್ನ ಕೋಸು ತಿಂದಿದ್ದು?" ಅಂದರು.

ಈಗ ಸಕ್ಕರೆ ಬದಲು ಮಂಡ್ಯದ ಕಾಕಂಬಿ ಹಾಕಿದ ಫ್ಲಾಸ್ಕ್‌ಗಳು ಶೇಕರ್ ಮೇಲಿವೆ. ಆ ಕಂದು ಬಣ್ಣಕ್ಕೆ ಎರಡು ಸುತ್ತು ಸಾಕಾಗುತ್ತಾ, ಶುಕ್ರವಾರ ಗೊತ್ತಾಗುತ್ತದೆ.