ಪರಿಸರ ವಿಭಾಗದ ಲೀಡ್ ಹುದ್ದೆಗೆ ಹೊರಟವರಿಗೆ ಒಂದು ಲೀಟರಿನ ಜಾಡಿ

ಎಂ.ಎಸ್ಸಿ. ಪರಿಸರ ವಿಜ್ಞಾನವೋ ಎಂ.ಟೆಕ್. ಪರಿಸರ ಎಂಜಿನಿಯರಿಂಗೋ ಮುಗಿಸಿದವರು ಮೊದಲು ಕೇಳುವುದು ‘ಯಾವ ಸರ್ಟಿಫಿಕೇಟ್ ಮಾಡಲಿ?’ ಎಂದೇ. ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಲೀಡ್ ಆಡಿಟರ್ ಕೋರ್ಸ್ 5 ದಿನದ್ದು, ಕೊನೆಗೊಂದು ಪರೀಕ್ಷೆ. ಮಾಡಿಕೊಳ್ಳಿ, ಅರ್ಜಿ ಸೋಸುವ ಎಚ್‌ಆರ್‌ನವರು ಅದನ್ನು ಹುಡುಕುತ್ತಾರೆ. ಆದರೆ ಅದರ ‘ಲೀಡ್’ ಬೇರೆ, ಬೆಂಗಳೂರಿನ ಪೀಣ್ಯದಲ್ಲೋ ಮಂಗಳೂರಿನ ಬೈಕಂಪಾಡಿಯಲ್ಲೋ ಒಂದು ಕಾರ್ಖಾನೆಯ ಲೀಡ್ ಎನ್ವಿರಾನ್‌ಮೆಂಟಲ್ ಸ್ಪೆಷಲಿಸ್ಟ್ ಆಗುವುದು ಬೇರೆ. ಅಲ್ಲಿ ನಿಮ್ಮ ಸಹಿಯ ಮೇಲಿರುವ ಪ್ರತಿ ಅಂಕಿಯೂ ಎಲ್ಲಿಂದ ಬಂತು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಕೇಳಿದಾಗ ನಿಂತ ನಿಲುವಿನಲ್ಲೇ ಹೇಳಬೇಕು.

ಅದಕ್ಕೇ ಮೊದಲ ಎರಡು ವರ್ಷ ಎಸಿ ರೂಮಿನ ಕೆಲಸ ಸಿಕ್ಕರೂ ಬಿಡಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಇಟಿಪಿ (ಕಾರ್ಖಾನೆಯ ತ್ಯಾಜ್ಯನೀರಿನದು) ಇರುವ ಕಡೆ ಆಪರೇಟರ್ ಜೊತೆ ಶಿಫ್ಟ್ ಮಾಡಿ. ಅಲ್ಲಿ ಕಲಿಯಬೇಕಾದ ಮೊದಲ ಉಪಕರಣ 1 ಲೀಟರಿನ ಅಳತೆ ಜಾಡಿ. ಏರೇಷನ್ ಟ್ಯಾಂಕಿನ (ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವ ತೊಟ್ಟಿ) ನೀರು ತುಂಬಿ, ಬಿಸಿಲು ಬೀಳದ ಕಡೆ 30 ನಿಮಿಷ ಅಲುಗಿಸದೆ ಇಡಿ. ಗಾಳಿ ಊದುವ ಬ್ಲೋಯರ್ ಪಕ್ಕದ ಕಟ್ಟೆ ಬೇಡ, ಅದರ ಅದುರಿಗೇ ಅಂಕಿ ಕೆಡುತ್ತದೆ. ಕೆಸರು 300 ಎಂಎಲ್ ಗೆರೆಗೆ ಇಳಿದು, ಎಂಎಲ್‌ಎಸ್‌ಎಸ್ (ಆ ನೀರಿನಲ್ಲಿ ತೇಲುವ ಘನಕಣಗಳ ಪ್ರಮಾಣ) ಲೀಟರಿಗೆ 3,000 ಮಿಲಿಗ್ರಾಂ ಇದ್ದರೆ ಎಸ್‌ವಿಐ (ಒಂದು ಗ್ರಾಂ ಕೆಸರು ಕೂತಾಗ ಎಷ್ಟು ಎಂಎಲ್ ಜಾಗ ಹಿಡಿಯುತ್ತದೆ ಎಂಬ ಸೂಚ್ಯಂಕ) 100. ಸುಮಾರು 80ರಿಂದ 150ರವರೆಗೆ ನೆಮ್ಮದಿ.

ಕೆಸರು 850ರಲ್ಲೇ ನಿಂತರೆ? ಹೆಚ್ಚಾಯಿತೆಂದು ತಕ್ಷಣ ಹೊರಹಾಕುವುದು ಹೊಸಬರ ತಪ್ಪು. ಅದೇ ನೀರಿಗೆ ಅಷ್ಟೇ ಪ್ರಮಾಣದ ಶುದ್ಧೀಕರಿಸಿದ ನೀರು ಬೆರೆಸಿ ಇನ್ನೊಮ್ಮೆ ಇಡಿ. ಈ ಸಲ ಚೆನ್ನಾಗಿ ಕೂತರೆ ನಿಜವಾಗಿಯೂ ಕೆಸರು ಹೆಚ್ಚಿದೆ, ತೆಗೆಯಿರಿ. ಆಗಲೂ ಕೂರದಿದ್ದರೆ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದಿದೆ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿದೆಯೇ, ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ), ಸಾರಜನಕ, ರಂಜಕ 100:5:1ರ ಆಸುಪಾಸಿನಲ್ಲಿವೆಯೇ ನೋಡಿ. ಜಾಡಿ ತೊಳೆಯುವ ಅವಸರವೂ ಬೇಡ. ಇನ್ನೊಂದು ಗಂಟೆ ಬಿಟ್ಟಾಗ ತಳದಲ್ಲಿ ಕೂತ ಕೆಸರು ಹೆಂಟೆ ಹೆಂಟೆಯಾಗಿ ಮೇಲೆದ್ದು ತೇಲಿದರೆ, ನೈಟ್ರೇಟ್‌ನಿಂದ ಹುಟ್ಟಿದ ಸಾರಜನಕದ ಗುಳ್ಳೆ ಅದನ್ನು ಎತ್ತುತ್ತಿದೆ ಎಂದರ್ಥ. ಕೆಸರು ಕೂರಿಸುವ ತೊಟ್ಟಿಯಾದ ಕ್ಲಾರಿಫೈಯರ್‌ನಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೂತಿರುವ ಹಾಗಿದ್ದರೆ ಕೆಸರನ್ನು ಏರೇಷನ್ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪಿನ ಹರಿವು ಹೆಚ್ಚಿಸಿ.

ಮುಂದಿನದು ಲ್ಯಾಬ್ ರಿಪೋರ್ಟ್ ಓದುವುದು. ಬಹಳ ಜನ ‘ಮಿತಿಯೊಳಗಿದೆ’ ಎಂಬ ಕೊನೆಯ ಸಾಲು ನೋಡಿ ಫೈಲ್ ಮಾಡುತ್ತಾರೆ. ಮೊದಲು ತಾರೀಕು ನೋಡಿ. ನಮ್ಮಲ್ಲಿ ಬಿಒಡಿ ಪರೀಕ್ಷೆ 27 ಡಿಗ್ರಿಯಲ್ಲಿ 3 ದಿನ. ಶನಿವಾರ ತೆಗೆದ ಸ್ಯಾಂಪಲ್ಲಿಗೆ ಸೋಮವಾರದ ರಿಪೋರ್ಟ್ ಬಂದಿದ್ದರೆ ಆ ಬಿಒಡಿ ಅಂಕಿ ಯಾರದೋ ಊಹೆ. ಬಿಒಡಿ ಯಾವತ್ತೂ ಸಿಒಡಿಯನ್ನು (ಕೊಳೆಯನ್ನು ರಾಸಾಯನಿಕದಿಂದ ಆಕ್ಸಿಡೀಕರಿಸಲು ಬೇಕಾಗುವ ಆಮ್ಲಜನಕ) ಮೀರುವುದಿಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಘನಪದಾರ್ಥ) ಸಾಮಾನ್ಯವಾಗಿ ಕಂಡಕ್ಟಿವಿಟಿಯ (ವಿದ್ಯುತ್ ವಾಹಕತೆ) 0.55ರಿಂದ 0.7 ಪಟ್ಟು, ಅದರಾಚೆ ಹೋದರೆ ಎರಡರಲ್ಲೊಂದು ತಪ್ಪು. ಸ್ಯಾಂಪಲ್ ತೆಗೆಯುವಾಗಲೇ ಹಾಳಾಗುವುದೂ ಉಂಟು. ಎಣ್ಣೆ-ಜಿಡ್ಡಿನ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಗೋಡೆಗೆ ಎಣ್ಣೆ ಅಂಟಿ ಅಂಕಿ ಕಡಿಮೆ ಬರುತ್ತದೆ. ಸಿಒಡಿ ಬಾಟಲಿಗೆ ಗಂಧಕಾಮ್ಲ, ಲೋಹದ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಬಿಒಡಿಯದಕ್ಕೆ ಆಮ್ಲ ಬೇಡ, ಐಸ್ ಸಾಕು. ಲ್ಯಾಬಿನ ಹುಡುಗ ಒಂದೇ 5 ಲೀಟರ್ ಕ್ಯಾನ್ ಹಿಡಿದು ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ.

ಎಕ್ಸಿಕ್ಯುಟಿವ್ ಮತ್ತು ಲೀಡ್ ನಡುವಿನ ಅಂತರ ಕಾಣುವುದು ನೀರಿನ ಲೆಕ್ಕದಲ್ಲಿ. ದಿನಕ್ಕೆ 400 ಜನ ಬರುವ ಕಾರ್ಖಾನೆ ಎಂದುಕೊಳ್ಳಿ. ತಲೆಗೆ 45 ಲೀಟರಿನಂತೆ 18 ಕೆಎಲ್ (ಕಿಲೋಲೀಟರ್, ಅಂದರೆ ಸಾವಿರ ಲೀಟರ್). ಅದರ 80% ಎಸ್‌ಟಿಪಿಗೆ, ಅಂದರೆ ಸುಮಾರು 14 ಕೆಎಲ್. ಮೀಟರ್ 25 ತೋರಿಸಿದರೆ ಮಳೆನೀರೋ ಕೂಲಿಂಗ್ ಟವರಿನಿಂದ ಹೊರಬಿಡುವ ಬ್ಲೋಡೌನ್ ನೀರೋ ಒಳಗೆ ಸೇರುತ್ತಿದೆ. 6 ತೋರಿಸಿದರೆ ಮೀಟರ್ ಕೆಟ್ಟಿದೆ, ಇಲ್ಲವೇ ನೀರು ಎಸ್‌ಟಿಪಿಗೆ ಬಾರದೆ ಬೇರೆಲ್ಲೋ ಹೋಗುತ್ತಿದೆ. ಜೊತೆಗೆ ಎಸ್‌ಟಿಪಿಯ ಕರೆಂಟ್ ಮೀಟರ್ ನೋಡಿ. ದಿನವೂ ಬ್ಲೋಯರ್ ಓಡಿಸಿದ್ದೇವೆಂದು ಲಾಗ್‌ಬುಕ್ ಹೇಳಿ, ಯೂನಿಟ್ ಅರ್ಧಕ್ಕೆ ಇಳಿದಿದ್ದರೆ ಅಧಿಕಾರಿಗೆ ಅಷ್ಟೇ ಸಾಕು.

ಇನ್ನೊಂದು ಕೆಲಸ, ಕಟ್ಟುವ ಮೊದಲೇ ಬಾಯಿ ತೆರೆಯುವುದು. ಡಿಜಿ ಸೆಟ್ (ಡೀಸೆಲ್ ಜನರೇಟರ್) ಚಿಮಣಿಯ ಎತ್ತರಕ್ಕೆ ಸೂತ್ರ ಇದೆ: ಕಟ್ಟಡದ ಎತ್ತರಕ್ಕೆ ಜನರೇಟರಿನ ಸಾಮರ್ಥ್ಯವಾದ ಕೆವಿಎಯ ವರ್ಗಮೂಲದ 0.2 ಪಟ್ಟು ಸೇರಿಸಬೇಕು. 12 ಮೀಟರ್ ಕಟ್ಟಡದ ಪಕ್ಕದ 500 ಕೆವಿಎ ಸೆಟ್‌ಗೆ ಸುಮಾರು 16.5 ಮೀಟರ್. ಡ್ರಾಯಿಂಗ್‌ನಲ್ಲಿ 14 ಇದ್ದರೆ ಪೆನ್ಸಿಲಿನಲ್ಲಿ ತಿದ್ದುವುದು ಸುಲಭ, ಕ್ರೇನ್ ತರಿಸಿ ತಿದ್ದುವುದು ಕಷ್ಟ. ಚಿಮಣಿಯ ಹೊಗೆಯ ಸ್ಯಾಂಪಲ್ ತೆಗೆಯುವ ರಂಧ್ರ ಕೊಳವೆಯ ತಿರುವಿನಿಂದ ವ್ಯಾಸದ 8 ಪಟ್ಟು ಮುಂದೆ, ತುದಿಯಿಂದ 2 ಪಟ್ಟು ಕೆಳಗಿರಬೇಕು ಅನ್ನುವುದನ್ನೂ ಆಗಲೇ ಹೇಳಿ.

ತಾರೀಕುಗಳು ಹೆಚ್ಚಿಲ್ಲ. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವರದಿ ಫಾರ್ಮ್ 4 ಜೂನ್ 30ರೊಳಗೆ. ಪರಿಸರ ಹೇಳಿಕೆ ಫಾರ್ಮ್ 5 ಸೆಪ್ಟೆಂಬರ್ 30ರೊಳಗೆ. ಇಸಿ (ಪರಿಸರ ಅನುಮತಿ) ಪಡೆದವರಿಗೆ ಅರೆವಾರ್ಷಿಕ ವರದಿ ಜೂನ್ 1, ಡಿಸೆಂಬರ್ 1. ಎಡವುವುದು ತಾರೀಕಿನಲ್ಲಲ್ಲ, ಅಳತೆಯ ಘಟಕದಲ್ಲಿ. ಬಳಸಿದ ಎಣ್ಣೆ ಮಂಡಳಿಯ ಸಮ್ಮತಿ ಪತ್ರದಲ್ಲಿ ಕೆಎಲ್, ಫಾರ್ಮ್ 3 ಲಾಗ್‌ಬುಕ್‌ನಲ್ಲಿ ಬ್ಯಾರೆಲ್, ಫಾರ್ಮ್ 4ರಲ್ಲಿ ಟನ್. 200 ಲೀಟರ್ ಬ್ಯಾರೆಲ್ಲಿನ ಎಣ್ಣೆ ತೂಗುವುದು ಸುಮಾರು 180 ಕಿಲೋ. ಅದನ್ನು 200 ಕಿಲೋ ಎಂದು ಬರೆಯುತ್ತಾ ಹೋದರೆ ವರ್ಷದ ಕೊನೆಗೆ ಇಲ್ಲದ ಎಣ್ಣೆಗೆ ಲೆಕ್ಕ ಕೊಡಬೇಕಾಗುತ್ತದೆ. ಸಂಗ್ರಹದ ಮಿತಿ 90 ದಿನ, ಹಾಗಾಗಿ ಬ್ಯಾರೆಲ್ ತುಂಬಲು ಶುರುಮಾಡಿದ ದಿನವನ್ನೇ ಲೇಬಲ್ ಮೇಲೆ ಬರೆಸಿ.

ಲಾರಿ ಹೋದ ಮೇಲೂ ಕೆಲಸ ಮುಗಿದಿಲ್ಲ. ತ್ಯಾಜ್ಯದ ಲಾರಿಯ ಜೊತೆ ಹೋಗುವ ಸಾಗಣೆ ಪತ್ರವಾದ ಫಾರ್ಮ್ 10ರ ಹಳದಿ ಪ್ರತಿ ಸಾಗಣೆದಾರನ ಸಹಿಯೊಂದಿಗೆ ನಿಮ್ಮಲ್ಲೇ ಉಳಿಯುತ್ತದೆ. ಮಾಲು ತೆಗೆದುಕೊಂಡ ಘಟಕ ಸಹಿ ಹಾಕಿ ವಾಪಸ್ ಕಳಿಸಬೇಕಾದದ್ದು ನೀಲಿ ಪ್ರತಿ. ಅದು ಬರದಿದ್ದರೆ ಸಾಗಣೆದಾರನಿಗಲ್ಲ, ನೇರ ಆ ಘಟಕದಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನವರಿಗೆ ಫೋನ್ ಮಾಡಿ, ಆ ದಿನದ ತೂಕದ ಚೀಟಿ ಕೇಳಿ.